ನೀರಿನ ಮಾದರಿಯನ್ನು ಹೆಪ್ಪುಗಟ್ಟಿಸಬಹುದೇ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಅನೇಕ ತೆಂಗಿನ ತೋಟಗಳಿಗೆ ಕೊಳವೆ ಬಾವಿಯೇ ಆಧಾರ. ಹನಿ ನೀರಾವರಿ ಹಾಕಿಸುವ ಮೊದಲು ನೀರಿನ ಪರೀಕ್ಷೆ ಮಾಡಿಸುವುದು ಒಳ್ಳೆಯ ರೂಢಿ. ಆದರೆ ಬಾಟಲಿ ತುಂಬಿದ ದಿನವೇ ಪ್ರಯೋಗಾಲಯಕ್ಕೆ ಹೋಗಲು ಎಲ್ಲರಿಗೂ ಆಗುವುದಿಲ್ಲ. ಕೊಬ್ಬರಿ ಮಾರಲು ತಿಪಟೂರಿಗೆ ಹೋದಾಗ ಕೊಟ್ಟರಾಯಿತೆಂದು, ಅಲ್ಲಿಯವರೆಗೆ ಕೆಡದಿರಲೆಂದು ಅದನ್ನು ಫ್ರಿಜ್ಜಿನ ಮಂಜುಗಡ್ಡೆ ಖಾನೆಯಲ್ಲಿ ಇಡುವುದುಂಟು. ಗಡಸು ನೀರಿಗೆ ಈ ಉಪಾಯ ಸಲ್ಲದು.

ನೀರು ಹೆಪ್ಪುಗಟ್ಟುವಾಗ ಶುದ್ಧ ನೀರು ಮಾತ್ರ ಮಂಜುಗಡ್ಡೆಯಾಗಿ, ಕರಗಿದ್ದ ಲವಣಗಳೆಲ್ಲ ಉಳಿದ ಸ್ವಲ್ಪ ದ್ರವದಲ್ಲಿ ಸೇರುತ್ತವೆ. ಆಗ ಕ್ಯಾಲ್ಸಿಯಂ ಮತ್ತು ಬೈಕಾರ್ಬೋನೇಟುಗಳು ಕೂಡಿ ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿ ತಳಕ್ಕಿಳಿಯುತ್ತವೆ. ಬಚ್ಚಲ ಹಂಡೆಯೊಳಗೆ ಕಟ್ಟುವ ಬಿಳಿ ಪರೆಯೂ ಇದೇ ವಸ್ತು. ಅಲ್ಲಿ ಬೆಂಕಿ ಮಾಡುವ ಕೆಲಸವನ್ನು ಇಲ್ಲಿ ಚಳಿ ಮಾಡುತ್ತದೆ. ಮಂಜು ಕರಗಿದರೂ ಈ ಗಸಿ ಸುಲಭವಾಗಿ ಕರಗದು.

ಲೆಕ್ಕಕ್ಕೆ ಒಂದು ನೀರನ್ನು ಊಹಿಸಿಕೊಳ್ಳಬಹುದು. ಲೀಟರಿಗೆ ಕ್ಯಾಲ್ಸಿಯಂ 5, ಮೆಗ್ನೀಸಿಯಂ 3, ಸೋಡಿಯಂ 6, ಬೈಕಾರ್ಬೋನೇಟ್ 7 ಮಿಲಿ ಈಕ್ವಿವಲೆಂಟ್ ಇರಲಿ. ಸೋಡಿಯಂ ಹೀರಿಕೆ ಅನುಪಾತ 3 ಆಗುತ್ತದೆ. ಹೆಪ್ಪುಗಟ್ಟಿದಾಗ 2 ಮಿಲಿ ಈಕ್ವಿವಲೆಂಟಿನಷ್ಟು ಗಸಿಯಾದರೆ ಕ್ಯಾಲ್ಸಿಯಂ 3ಕ್ಕೂ ಬೈಕಾರ್ಬೋನೇಟ್ 5ಕ್ಕೂ ಇಳಿದು, ಅನುಪಾತ ಸುಮಾರು 3.5ಕ್ಕೆ ಏರುತ್ತದೆ, ವಿದ್ಯುತ್ ವಾಹಕತೆ ತಗ್ಗುತ್ತದೆ. ಅಂದರೆ ನೀರಿನಲ್ಲಿ ಉಪ್ಪು ಕಡಿಮೆ, ಸೋಡಿಯಂ ಬಾಧೆ ಹೆಚ್ಚು ಎಂಬ ತಪ್ಪು ಚಿತ್ರ. ವಿಚಿತ್ರವೆಂದರೆ ಉಳಿಕೆ ಸೋಡಿಯಂ ಕಾರ್ಬೋನೇಟಿನ ಅಂಕಿ ಬದಲಾಗುವುದಿಲ್ಲ, ಏಕೆಂದರೆ ಎರಡು ಕಡೆಯಿಂದಲೂ ಸಮನಾಗಿ ಕಳೆದುಹೋಗಿರುತ್ತದೆ. ಆ ಒಂದೇ ಅಂಕಿಯನ್ನು ನೋಡಿ ಮಾದರಿ ಸರಿಯಿದೆ ಎನ್ನಲಾಗದು.

ನಿಜವಾದ ನಷ್ಟ ತೋಟದಲ್ಲಿ. ಹನಿ ಕೊಳವೆಗೆ ಬಿಡುವ ಆಮ್ಲದ ಪ್ರಮಾಣವನ್ನು ಮುಖ್ಯವಾಗಿ ಬೈಕಾರ್ಬೋನೇಟ್ ನೋಡಿಯೇ ನಿರ್ಧರಿಸುತ್ತಾರೆ. 7ರ ಬದಲು 5 ಎಂದು ವರದಿ ಬಂದರೆ ಆಮ್ಲ ಸಾಲದೆ ತೂತುಗಳಲ್ಲಿ ಪರೆ ಕಟ್ಟುತ್ತದೆ. ಬೇಸಿಗೆಯಲ್ಲಿ ಮರದ ಬುಡಕ್ಕೆ ನೀರು ಬೀಳುತ್ತಿಲ್ಲವೆಂದು ತಿಳಿಯುವುದು ಎಳೆಗಾಯಿ ಉದುರತೊಡಗಿದ ಮೇಲೆಯೇ.

ಸೋಡಿಯಂ, ಕ್ಲೋರೈಡುಗಳಿಗೆ ಹೆಪ್ಪುಗಟ್ಟುವುದರಿಂದ ಹೆಚ್ಚು ಬಾಧೆಯಿಲ್ಲ. ನೈಟ್ರೇಟ್ ಪರೀಕ್ಷೆಗಾದರೆ ಪ್ರಯೋಗಾಲಯಗಳೇ ಮಾದರಿಯನ್ನು ಹೆಪ್ಪುಗಟ್ಟಿಸಿ ಇಡುವುದುಂಟು. ಅದಕ್ಕೆ ಬೇರೆ ಬಾಟಲಿ ಬೇಕು.

ಪಂಪನ್ನು ಅರ್ಧ ಗಂಟೆ ಓಡಿಸಿ, ಒಂದು ಲೀಟರಿನ ಶುಚಿಯಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಸಲ ತೊಳೆದು, ಗಾಳಿ ಉಳಿಯದಂತೆ ಕಂಠಮಟ್ಟ ತುಂಬಬೇಕು. (ಹೀಗೆ ತುಂಬಿದ್ದನ್ನು ಮಂಜುಗಡ್ಡೆ ಮಾಡಿದರೆ ನೀರು ಶೇಕಡಾ 9ರಷ್ಟು ಹಿಗ್ಗಿ ಬಾಟಲಿ ಬಿರಿಯುತ್ತದೆ.) ಫ್ರಿಜ್ಜಿನ ಕೆಳ ಖಾನೆಯಲ್ಲಿ, ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು, ಆದಷ್ಟೂ ಒಂದು ದಿನದೊಳಗೆ ತಲುಪಿಸಬೇಕು. ಎಲ್ಲಿ ಕೊಡಬೇಕೆಂದು ತಿಳಿಯದಿದ್ದರೆ ತಿಪಟೂರು ಬಳಿಯ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಮಾದರಿ ಈಗಾಗಲೇ ಹೆಪ್ಪುಗಟ್ಟಿದ್ದರೆ ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿ ಕೊಡಬಾರದು. ಗಸಿಯ ಸಮೇತ ಕೊಟ್ಟು ವಿಷಯ ತಿಳಿಸಿದರೆ, ಆಮ್ಲ ಹಾಕಿ ಗಸಿಯನ್ನು ಕರಗಿಸಿ ಕ್ಯಾಲ್ಸಿಯಂ ಅಳೆಯಬಹುದು. ಆದರೆ ಆಮ್ಲ ಬಿದ್ದೊಡನೆ ಬೈಕಾರ್ಬೋನೇಟ್ ಅನಿಲವಾಗಿ ಹೊರಟುಹೋಗುತ್ತದೆ. ಅದನ್ನು ತಿಳಿಯಲು ಬಾವಿಯಿಂದ ಹೊಸ ನೀರನ್ನೇ ತರಬೇಕು.