ಮೊದಲು ಕಣ್ಣು, ಆಮೇಲೆ ದುರ್ಬೀನು

ಕಾಡು ನೋಡುವ ಆಸೆ ಹತ್ತಿದೆ, ಒಂದು ದುರ್ಬೀನು ಕೊಳ್ಳಬೇಕು ಎಂದೆಯಲ್ಲ, ಸಂತೋಷವಾಯಿತು. ಹಿಂದೆ ಶಿಕಾರಿಗೆ ಹೊರಟವರು ಬಂದೂಕಿನ ಜೊತೆಗೆ ಇದನ್ನೂ ಹೆಗಲಿಗೇರಿಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಬಂದೂಕು ಕೆಳಗಿಳಿಯಿತು. ಆದರೆ ಒಳ್ಳೆಯ ಬೇಟೆಗಾರನಿಗಿದ್ದ ತಾಳ್ಮೆಯ ನೋಟ ನಮಗೆ ಇವತ್ತಿಗೂ ಬೇಕು. ದುರ್ಬೀನು ಆ ನೋಟಕ್ಕೆ ನೆರವಾಗುತ್ತದೆಯೇ ಹೊರತು ಅದರ ಜಾಗ ತುಂಬುವುದಿಲ್ಲ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗು.

ದುರ್ಬೀನಿನ ಮೈಮೇಲೆ 8×42 ಎಂಬಂಥ ಎರಡು ಅಂಕಿ ಇರುತ್ತವೆ. ಮೊದಲನೆಯದು ಎಷ್ಟು ಪಟ್ಟು ಹಿಗ್ಗಿಸಿ ತೋರಿಸುತ್ತದೆ ಎಂಬುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 42ನ್ನು 8ರಿಂದ ಭಾಗಿಸು, ಐದೂಕಾಲು ಬರುತ್ತದೆ. ನಿನ್ನ ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತ ಅಷ್ಟು ಮಿಲಿಮೀಟರು ಅಗಲ. ಜೇಬಿನಲ್ಲಿ ಹಿಡಿಸುವ 8×25ರಲ್ಲಿ ಅದು ಮೂರಕ್ಕೆ ಇಳಿಯುತ್ತದೆ. ನಡುಹಗಲಲ್ಲಿ ನಮ್ಮ ಪಾಪೆಯೇ ಎರಡು ಮೂರು ಮಿಲಿಮೀಟರಿಗೆ ಕುಗ್ಗಿರುವುದರಿಂದ ವ್ಯತ್ಯಾಸ ತಿಳಿಯದು. ಆದರೆ ಪ್ರಾಣಿಗಳು ಹೊರಬರುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಆಗ ಪಾಪೆ ಅರಳಿ ಹೆಚ್ಚು ಬೆಳಕು ಕೇಳುತ್ತದೆ, ಪುಟ್ಟ ದುರ್ಬೀನಿಗೆ ಕೊಡಲಾಗುವುದಿಲ್ಲ.

ಹೆಚ್ಚು ಪಟ್ಟು ಹಿಗ್ಗಿಸಿದರೆ ಹೆಚ್ಚು ಕಾಣುತ್ತದೆ ಎಂಬ ಮಾತಿಗೆ ಮರುಳಾಗಬೇಡ. ಹಕ್ಕಿಯ ಜೊತೆ ನಿನ್ನ ಕೈನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತದೆ, ನೋಟದ ಹರವು ಕಿರಿದಾಗುತ್ತದೆ. ಹದಿನಾರು ಪಟ್ಟಿನದನ್ನು ಸ್ಟ್ಯಾಂಡ್ ಇಲ್ಲದೆ ಬರಿಗೈಯಲ್ಲಿ ಹಿಡಿದು ನೋಡುವುದು ಬಹಳ ಕಷ್ಟ. ನಾಗರಹೊಳೆಯ ದಟ್ಟ ಮರಗಳ ನಡುವೆ, ರಂಗನತಿಟ್ಟಿನ ತೂಗಾಡುವ ದೋಣಿಯಲ್ಲಿ ಎಂಟು ಪಟ್ಟೇ ಹಿತ. ರಾಣೆಬೆನ್ನೂರಿನ ಕೃಷ್ಣಮೃಗಗಳ ಬಯಲಿಗೆ, ದರೋಜಿಯ ವೀಕ್ಷಣಾ ಗೋಪುರದಿಂದ ಬಂಡೆಗಳ ಮೇಲಿನ ಕರಡಿ ನೋಡಲು 10×42 ಚೆನ್ನ. ಒಂದನ್ನೇ ಕೊಳ್ಳುವುದಾದರೆ 8×42 ಕೊಳ್ಳು. ಕೆಂಪಗೆ ಹೊಳೆಯುವ ಗಾಜಿನದು, ನೂರು ಪಟ್ಟು ಎಂದು ಬರೆದಿರುವುದು, ಅಗ್ಗದ ಜೂಮ್ ದುರ್ಬೀನು, ಇವುಗಳ ತಂಟೆಗೆ ಹೋಗಬೇಡ.

ಅಂಗಡಿಯಲ್ಲಿ ನಾಚಿಕೊಳ್ಳದೆ ಪರೀಕ್ಷೆ ಮಾಡು. ತೋಳು ಚಾಚಿ ಹಿಡಿದು ಬೆಳಕಿನ ಕಡೆ ತಿರುಗಿಸಿದರೆ ಕಣ್ಣಿನ ಕಡೆಯ ಗಾಜಿನಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೆ. ಅದು ದುಂಡಗಿರಬೇಕು. ಅಂಚು ಕತ್ತರಿಸಿದ ಹಾಗಿದ್ದರೆ ಒಳಗಿನ ಪ್ರಿಸಮ್ ಕೆಳದರ್ಜೆಯದು ಎಂದು ಅನುಮಾನಿಸು. ಹೊರಗೆ ಬಂದು ದೂರದ ಬೋರ್ಡಿನ ಅಕ್ಷರ ಓದು. ಆಕಾಶದೆದುರು ವಿದ್ಯುತ್ ತಂತಿ ನೋಡು. ಎರಡು ಕಣ್ಣಿನ ಚಿತ್ರ ಒಂದಾಗದೆ ಕಣ್ಣು ಎಳೆದಂತಾದರೆ ವಾಪಸ್ ಕೊಡು. ಕನ್ನಡಕದವರು ಕಣ್ಣಿಗೂ ಗಾಜಿಗೂ ಹದಿನೈದು ಮಿಲಿಮೀಟರಿನಷ್ಟು ಅಂತರ ಬಿಟ್ಟರೂ ಪೂರ್ತಿ ಚಿತ್ರ ಕಾಣುವಂಥದ್ದನ್ನೇ ಆರಿಸಬೇಕು. ಮಲೆನಾಡಿನ ಮಳೆಗೆ ಒಯ್ಯುವುದಾದರೆ ನೀರು ನುಗ್ಗದಂತೆ ಮುಚ್ಚಿ, ಒಳಗೆ ನೈಟ್ರೋಜನ್ ತುಂಬಿದ್ದನ್ನು ಕೊಳ್ಳು. ಇಲ್ಲವಾದರೆ ಒಳಗೇ ಮಂಜು ಕಟ್ಟಿ, ಕ್ರಮೇಣ ಗಾಜಿಗೆ ಬೂಷ್ಟು ಹಿಡಿಯುತ್ತದೆ.

ಮನೆಗೆ ತಂದ ದಿನವೇ ನಿನ್ನ ಕಣ್ಣಿಗೆ ಹೊಂದಿಸಿಕೊ. ಎರಡು ವೃತ್ತ ಒಂದಾಗುವವರೆಗೆ ನಡುವಿನ ಕೀಲು ಬಾಗಿಸು. ಬಲಗಡೆಯ ಗಾಜು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊ. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಬಳಿಯ ಬಳೆಯನ್ನಷ್ಟೇ ತಿರುಗಿಸು. ಅದು ನಿಂತ ಗುರುತನ್ನು ನೆನಪಿಟ್ಟುಕೊ. ಇದೊಂದನ್ನು ಮಾಡದೆ ತಲೆನೋವು ಎನ್ನುವವರು ಬಹಳ ಜನ.

ಇನ್ನು ನೋಡುವ ಕ್ರಮ. ಹಕ್ಕಿಯನ್ನು ಮೊದಲು ಬರಿಗಣ್ಣಲ್ಲಿ ಹಿಡಿ. ಅದರ ಮೇಲಿಟ್ಟ ದೃಷ್ಟಿ ಕದಲಿಸದೆ ದುರ್ಬೀನನ್ನು ಕಣ್ಣಿಗೆ ಎತ್ತಿಕೊ. ತಲೆ ಬಗ್ಗಿಸಿ ದುರ್ಬೀನು ಹುಡುಕಿದೆಯೋ, ಹಕ್ಕಿ ತಪ್ಪಿತು. ಮೊಣಕೈಯನ್ನು ಪಕ್ಕೆಗೆ ಒತ್ತಿಕೊ, ಮರಕ್ಕೆ ಒರಗು. ಸಫಾರಿ ಜೀಪಿನಲ್ಲಿದ್ದರೆ ಎಂಜಿನ್ ನಿಲ್ಲಿಸಲು ಕೇಳು. ಗುಡ್ಡದ ಮೈಯಲ್ಲಿ ಹುಡುಕುವಾಗ ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ನೆನಪಿರಲಿ. ಒಂದು ತುಂಡು ಜಾಗ ನೋಡಿ, ನಿಂತು, ಇನ್ನೊಮ್ಮೆ ನೋಡಿ, ಆಮೇಲೆ ಪಕ್ಕಕ್ಕೆ ಸರಿ. ಇಡೀ ಪ್ರಾಣಿಯನ್ನು ಹುಡುಕಬೇಡ, ಅದು ಹಾಗೆ ಕಾಣಸಿಗುವುದು ಅಪರೂಪ. ನೆಟ್ಟಗಿನ ಕಾಂಡಗಳ ನಡುವೆ ಅಡ್ಡಗೆರೆಯೊಂದು ಕಂಡರೆ ಅದು ಕಡವೆಯ ಬೆನ್ನಿರಬಹುದು. ಅಲುಗಿದ ಕಿವಿ, ಕೊಂಬೆಯಿಂದ ಇಳಿಬಿದ್ದ ಬಾಲ, ಇಷ್ಟೇ ಸುಳಿವು. ಹಳೆಯ ಬೇಟೆಗಾರರಿಂದ ನಾವು ಕಲಿಯಬೇಕಾದ ವಿದ್ಯೆ ಇದು.

ಸೂರ್ಯನ ಕಡೆ ಮಾತ್ರ ಎಂದೂ ತಿರುಗಿಸಬೇಡ, ಕಣ್ಣೇ ಹೋದೀತು. ಅಂಗಿಯ ತುದಿಯಿಂದ ಗಾಜು ಒರೆಸಬೇಡ. ಧೂಳಿನ ಕಣವೇ ಲೇಪನವನ್ನು ಗೀರುತ್ತದೆ. ಮೊದಲು ಧೂಳನ್ನು ಗಾಳಿಯಿಂದ ಹಾರಿಸು, ಮೆತ್ತನೆಯ ಬ್ರಷ್ ಆಡಿಸು, ಕೊನೆಗೆ ಬಟ್ಟೆ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿಡು.

ದೂರದಿಂದ ನೋಡಲೆಂದೇ ದುರ್ಬೀನು ಇರುವುದು. ಮೇಯುತ್ತಿದ್ದ ಜಿಂಕೆ ತಲೆಯೆತ್ತಿ ನಿನ್ನನ್ನೇ ದಿಟ್ಟಿಸಿದರೆ ನೀನು ಹೆಚ್ಚು ಹತ್ತಿರ ಹೋಗಿದ್ದೀಯ, ಹಿಂದೆ ಸರಿ. ಗೂಡಿನ ಮುಂದೆ ನಿಲ್ಲಲೇಬೇಡ. ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಗಮನಿಸಿದ ಪಕ್ಷಿತಜ್ಞ ಸಲೀಂ ಅಲಿಯವರು ಮೈಸೂರು ಅರಸರಿಗೆ ಹೇಳಿದ್ದರಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಗಮನವಿಟ್ಟು ನೋಡಿದವನ ಮಾತಿಗೆ ಅಷ್ಟು ಬೆಲೆಯಿದೆ. ಸಾಲ ಮಾಡಿ ದುಬಾರಿಯದು ಕೊಳ್ಳಬೇಡ, ಸಫಾರಿಗಾಗಿ ಕಾಯಲೂ ಬೇಡ. ಬರುವ ಭಾನುವಾರವೇ ನಿಮ್ಮೂರ ಕೆರೆ ಏರಿಗೆ ಹೋಗು. ಒಂದೇ ಹಕ್ಕಿಯನ್ನು ಅರ್ಧ ಗಂಟೆ ನೋಡು, ಕಂಡದ್ದನ್ನು ದಿನಾಂಕ ಹಾಕಿ ಬರೆದಿಡು. ಕೆರೆಯಲ್ಲಿ ಪಳಗಿದ ಕಣ್ಣು ಕಾಡಿನಲ್ಲಿ ನಿನ್ನ ಕೈಬಿಡುವುದಿಲ್ಲ.