ಉಪಕಥೆ ಮೂಲಕಥೆಯನ್ನು ನುಂಗದಿರಲಿ

ಮಳೆಗಾಲದಲ್ಲಿ ಕೃಷ್ಣೆ ಉಕ್ಕಿದಾಗ ಕಲ್ಲೋಳ–ಯಡೂರು ಸೇತುವೆ ನೀರಿನಡಿ ಸೇರುತ್ತದೆ. ಜನ ಸುತ್ತುದಾರಿ ಹಿಡಿಯುತ್ತಾರೆ. ದಾರಿಯಲ್ಲಿ ಹೊಸ ಊರು, ಹೊಸ ಪರಿಚಯ ಸಿಗುವುದುಂಟು. ಆದರೂ ಹೊರಟ ಕೆಲಸವನ್ನು ಯಾರೂ ಮರೆಯುವುದಿಲ್ಲ. ನಮ್ಮ ಮಕ್ಕಳು ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಆಡುವ ಕಲ್ಪನಾಲೋಕದ ಆಟಗಳು ಇಂಥ ಸುತ್ತುದಾರಿಗಳಿಂದಲೇ ತುಂಬಿವೆ. ಅವುಗಳಲ್ಲಿ ಒಳ್ಳೆಯದು ಯಾವುದು, ದಾರಿ ತಪ್ಪಿಸುವುದು ಯಾವುದು ಎಂಬುದನ್ನು ಈ ವಾರ ವಿಚಾರ ಮಾಡೋಣ.

ಏನಿದು ಆಟ?

ಆಡುವವನು ಒಬ್ಬ ವೀರನ ಪಾತ್ರ ವಹಿಸುತ್ತಾನೆ. ರಾಕ್ಷಸನನ್ನು ಗೆಲ್ಲುವುದೋ, ರಾಜ್ಯವನ್ನು ಉಳಿಸುವುದೋ ಅವನ ಮುಖ್ಯ ಗುರಿ. ನಡುವೆ ಹಳ್ಳಿಯ ಅಜ್ಜಿಯೊಬ್ಬಳು ಕಳೆದುಹೋದ ಉಂಗುರ ಹುಡುಕಿಕೊಡೆನ್ನುತ್ತಾಳೆ. ವೈದ್ಯನೊಬ್ಬ ಗುಡ್ಡದ ಬೇರು ತಾ ಎನ್ನುತ್ತಾನೆ. ಇವಕ್ಕೆ ಆಟಗಾರರು ‘ಸೈಡ್ ಕ್ವೆಸ್ಟ್’ ಎನ್ನುತ್ತಾರೆ. ನಾವು ಉಪಕಥೆ ಎನ್ನಬಹುದು. ಕತ್ತಿ, ಕೀಲಿ, ಔಷಧ, ನಾಣ್ಯ ಮುಂತಾದ ಸಾಮಾನುಗಳನ್ನು ಹುಡುಕಿ ಚೀಲಕ್ಕೆ ಸೇರಿಸುವುದೂ ಆಟದ ದೊಡ್ಡ ಭಾಗ.

1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಅದನ್ನು ಮೇಜಿನ ಸುತ್ತ ಕುಳಿತು ಕಾಗದ, ಪೆನ್ಸಿಲ್, ದಾಳ ಹಿಡಿದು ಆಡುತ್ತಿದ್ದರು. ಟಿ.ವಿ. ಪರದೆಯ ಮೇಲೆ ಇಂಥ ಲೋಕವನ್ನು ತಂದ ಮೊದಲಿಗರಲ್ಲಿ ವಾರೆನ್ ರಾಬಿನೆಟ್ ಒಬ್ಬರು. ಅಟಾರಿ ಕಂಪನಿಗೆ ಅವರು ರಚಿಸಿದ ‘ಅಡ್ವೆಂಚರ್’ ಆಟದಲ್ಲಿ ಮೂರು ಕೋಟೆ, ಮೂರು ಡ್ರ್ಯಾಗನ್‌ಗಳಿದ್ದವು. ಕಳೆದುಹೋದ ಪಾನಪಾತ್ರೆಯೊಂದನ್ನು ಹಳದಿ ಕೋಟೆಗೆ ಮರಳಿಸುವುದೇ ಗುರಿ. ವೀರನ ಕೈಯಲ್ಲಿ ಒಂದು ಸಲಕ್ಕೆ ಒಂದೇ ಸಾಮಾನು. ಕತ್ತಿ ಬೇಕೆಂದರೆ ಕೀಲಿಯನ್ನು ಕೆಳಗಿಡಬೇಕು.

ಆ ಕಾಲದಲ್ಲಿ ಕಂಪನಿ ಆಟ ರಚಿಸಿದವರ ಹೆಸರು ಹಾಕುತ್ತಿರಲಿಲ್ಲ. ರಾಬಿನೆಟ್ ಯಾರಿಗೂ ತಿಳಿಸದೆ ಗುಪ್ತ ಕೋಣೆಯೊಂದರಲ್ಲಿ ತಮ್ಮ ಹೆಸರನ್ನು ಬರೆದಿಟ್ಟರು. ಕಣ್ಣಿಗೆ ಬೀಳದಷ್ಟು ಚಿಕ್ಕ ಚುಕ್ಕೆಯೊಂದನ್ನು ಹುಡುಕಿ ತಂದವನಿಗೆ ಮಾತ್ರ ಆ ಕೋಣೆಗೆ ಪ್ರವೇಶ. ಹುಡುಗನೊಬ್ಬ ಅದನ್ನು ಪತ್ತೆಹಚ್ಚಿದ. ಪಾಸ್ಖ ಹಬ್ಬದಲ್ಲಿ ಮಕ್ಕಳು ಅಡಗಿಸಿಟ್ಟ ಮೊಟ್ಟೆಗಳನ್ನು ಹುಡುಕುವ ಪದ್ಧತಿಯಿಂದ ಇಂಥ ಗುಟ್ಟುಗಳಿಗೆ ‘ಈಸ್ಟರ್ ಎಗ್’ ಎಂಬ ಹೆಸರು ನಿಂತಿತು. ಮೂಲೆಮೂಲೆ ತಡಕುವ ಮಗುವಿನಲ್ಲಿ ಕೆಲಸ ಮಾಡುವುದು ಕೆಟ್ಟ ಚಟವೇ ಅಲ್ಲ, ಕುತೂಹಲವೂ ಹೌದು ಎಂಬುದಕ್ಕೆ ಇದು ಸಾಕ್ಷಿ.

ಉಪಕಥೆಯ ಬೆಲೆ

ಉಪಕಥೆ ಹೊಸದೇನೂ ಅಲ್ಲ. ಮಹಾಭಾರತದ ವನಪರ್ವದಲ್ಲಿ ಒಬ್ಬ ಬ್ರಾಹ್ಮಣನ ಅರಣಿಯನ್ನು ಜಿಂಕೆಯೊಂದು ಕೊಂಬಿಗೆ ಸಿಕ್ಕಿಸಿಕೊಂಡು ಓಡುತ್ತದೆ. ರಾಜ್ಯ ಕಳೆದುಕೊಂಡ ಪಾಂಡವರು ಎರಡು ಕಟ್ಟಿಗೆ ತುಂಡುಗಳಿಗಾಗಿ ಕಾಡೆಲ್ಲ ಅಲೆಯುತ್ತಾರೆ. ಆ ಅಲೆದಾಟವೇ ಅವರನ್ನು ಯಕ್ಷನ ಕೊಳಕ್ಕೆ ತರುತ್ತದೆ. ಸತ್ತು ಬಿದ್ದ ತಮ್ಮಂದಿರಲ್ಲಿ ಒಬ್ಬನನ್ನು ಮಾತ್ರ ಬದುಕಿಸುವೆನೆಂದಾಗ ಧರ್ಮರಾಯ ಮಾದ್ರಿಯ ಮಗ ನಕುಲನನ್ನು ಕೇಳುತ್ತಾನೆ. ಕೊನೆಗೆ ಎಲ್ಲರೂ ಬದುಕುತ್ತಾರೆ. ಅಜ್ಞಾತವಾಸಕ್ಕೆ ಬೇಕಾದ ವರವೂ ದೊರೆಯುತ್ತದೆ.

ಪವಿತ್ರ ಬೈಬಲಿನಲ್ಲಿ ಸೌಲನು ಹೊರಟಿದ್ದು ತಂದೆಯ ಕಳೆದುಹೋದ ಕತ್ತೆಗಳನ್ನು ಹುಡುಕಲು. ದಾರಿಯಲ್ಲಿ ಪ್ರವಾದಿ ಸಮುವೇಲನ ಭೇಟಿಯಾಗಿ ಅವನು ಅರಸನಾಗಿ ಅಭಿಷೇಕ ಹೊಂದಿದ. ಕತ್ತೆಗಳು ಅಷ್ಟರಲ್ಲಿ ಸಿಕ್ಕಿಯೇ ಇದ್ದವು! ಎರಡು ಕಥೆಗಳಲ್ಲೂ ಹುಡುಕಿದ ವಸ್ತು ಚಿಕ್ಕದು. ದಾರಿ ಮನುಷ್ಯನನ್ನು ಬೆಳೆಸಿ ಮೂಲಕಥೆಗೆ ಮರಳಿಸಿತು ಎಂಬುದು ದೊಡ್ಡದು. ಉಪಕಥೆಯನ್ನು ತೂಗುವ ತಕ್ಕಡಿ ಇದೇ.

ಈ ತಕ್ಕಡಿಯಲ್ಲಿ ಚೆನ್ನಾಗಿ ತೂಗುವ ಆಟಗಳೂ ಇವೆ. 2000ದಲ್ಲಿ ಜಪಾನಿನ ನಿಂಟೆಂಡೊ ಹೊರತಂದ ‘ಮಜೋರಾಸ್ ಮಾಸ್ಕ್’ ಎಂಬ ಸಾಹಸದ ಆಟದಲ್ಲಿ ಚಂದ್ರ ಮೂರು ದಿನದಲ್ಲಿ ಭೂಮಿಗೆ ಬೀಳಲಿದ್ದಾನೆ. ವೀರ ಕಾಲವನ್ನು ಹಿಂದಕ್ಕೆ ತಿರುಗಿಸಿ ಅದೇ ಮೂರು ದಿನಗಳನ್ನು ಮತ್ತೆ ಮತ್ತೆ ಬಾಳುತ್ತಾನೆ. ಅದರಲ್ಲಿ ಛತ್ರ ನಡೆಸುವ ಆಂಜು ಎಂಬಾಕೆಗೆ ಮದುವೆ ಗೊತ್ತಾಗಿದೆ. ವರ ಕಾಫೈ ಶಾಪದಿಂದ ಬಾಲಕನಾಗಿ ಅಡಗಿಕೊಂಡಿದ್ದಾನೆ. ಯಾರು ಯಾವ ಹೊತ್ತಿಗೆ ಎಲ್ಲಿರುತ್ತಾರೆಂದು ಬರೆದಿಟ್ಟುಕೊಂಡು, ಪತ್ರ ಮುಟ್ಟಿಸಿ, ಕಾದು, ಆಟಗಾರ ಇಬ್ಬರನ್ನೂ ಒಂದುಗೂಡಿಸಬೇಕು. ಕೈಗೆ ಸಿಗುವುದು ಒಂದು ಮುಖವಾಡ. ಅದಕ್ಕಾಗಿ ಕಲಿಯಬೇಕಾದದ್ದು ಬೇರೆಯವರ ದುಃಖಕ್ಕೆ ಕಿವಿಗೊಡುವುದು.

ಚೀಲದ ಭಾರ

2011ರಲ್ಲಿ ಬಂದ ‘ಸ್ಕೈರಿಮ್’ ಆಟದಲ್ಲಿ ಹೆಚ್ಚಿನ ಸಾಮಾನುಗಳಿಗೆ ತೂಕವಿದೆ. ಆರಂಭದಲ್ಲಿ ವೀರನು ಹೊರಬಲ್ಲ ಮಿತಿ 300. ಮಿತಿ ಮೀರಿದರೆ ಅವನು ಓಡಲಾರ, ಕಾಲೆಳೆಯುತ್ತಾ ನಡೆಯಬೇಕು. ಹಾಗಿದ್ದೂ ಅನೇಕರು ಮುಂದೆ ಬೇಕಾದೀತೆಂದು ಔಷಧದ ಬಾಟಲಿಗಳನ್ನು ಕೂಡಿಡುತ್ತಾರೆ. ಆಟ ಮುಗಿದರೂ ಒಂದನ್ನೂ ಕುಡಿದಿರುವುದಿಲ್ಲ. ಅಟ್ಟದ ಮೇಲೆ ಹಳೆಯ ಡಬ್ಬಿಗಳನ್ನು ಪೇರಿಸಿಡುವ ನಮಗೆ ಇದು ಅರ್ಥವಾಗದ ಮಾತೇನಲ್ಲ.

ಅದೇ ಆಟದಲ್ಲಿ ಕೆಲವು ಚಿಕ್ಕ ಕೆಲಸಗಳನ್ನು ಯಂತ್ರವೇ ಹೊಸದಾಗಿ ಹುಟ್ಟಿಸುತ್ತಾ ಹೋಗುತ್ತದೆ. ಒಂದು ಮುಗಿದರೆ ಇನ್ನೊಂದು; ಕೊನೆಯೇ ಇಲ್ಲ. 2020ರಲ್ಲಿ ಬಂದ ‘ಗೆನ್ಶಿನ್ ಇಂಪ್ಯಾಕ್ಟ್’ ದಿನಕ್ಕೆ ನಾಲ್ಕು ಚಿಕ್ಕ ಕೆಲಸ ಕೊಟ್ಟು ಬಹುಮಾನ ನೀಡುತ್ತದೆ. ಶಾಲೆಯ ಹಾಜರಿಯಂತೆ ಮಗು ದಿನವೂ ಬರಬೇಕು. ಅಪರೂಪದ ಪಾತ್ರ, ಆಯುಧಗಳು ಅದರಲ್ಲಿ ಅದೃಷ್ಟದ ಮೇಲೆ ಸಿಗುತ್ತವೆ. ಆ ಅದೃಷ್ಟಪರೀಕ್ಷೆಗೆ ನಿಜವಾದ ಹಣವನ್ನೂ ಸುರಿಯಬಹುದು. ಹಣ ತೆತ್ತು ತೆರೆಯುವ ಇಂಥ ಅದೃಷ್ಟದ ಪೆಟ್ಟಿಗೆಗಳ ಬಗ್ಗೆ ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗ 2018ರಲ್ಲಿ ವಿಚಾರಣೆ ನಡೆಸಿ, ಕೆಲವು ಆಟಗಳಲ್ಲಿನ ಪೆಟ್ಟಿಗೆಗಳು ಜೂಜೇ ಎಂದು ತೀರ್ಮಾನಿಸಿತು. ಇಲ್ಲಿ ಉಪಕಥೆ ಮೂಲಕಥೆಗೆ ಮರಳಿಸುವುದಿಲ್ಲ, ಅದನ್ನು ನುಂಗುತ್ತದೆ.

ಮಿತಿಯ ಗುಣ

ಸಂತ ತೋಮಾಸ್ ಅಕ್ವಿನಾಸರು ಆಟವನ್ನು ಪಾಪವೆಂದು ತಳ್ಳಲಿಲ್ಲ. ದೇಹಕ್ಕೆ ನಿದ್ರೆಯಂತೆ ದಣಿದ ಮನಸ್ಸಿಗೆ ವಿನೋದ ಬೇಕು, ಸದಾ ಬಗ್ಗಿಸಿಟ್ಟ ಬಿಲ್ಲು ಮುರಿಯುತ್ತದೆ ಎಂಬುದು ಅವರ ವಿಚಾರ. ಮಿತಿ ಮೀರಿ ಆಡುವುದು ದೋಷ. ಆಟವನ್ನೇ ಸಹಿಸದ ಗಡಸುತನವೂ ದೋಷ. ತಂದೆತಾಯಿಗಳು ಈ ಎರಡನೆಯ ಮಾತನ್ನೂ ನೆನಪಿಡಬೇಕು.

ಮಿತಿ ಮೀರಿತೆಂದು ತಿಳಿಯುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೆಯ ಪರಿಷ್ಕರಣೆ 2022ರಲ್ಲಿ ಜಾರಿಗೆ ಬಂತು. ಆಟದ ಗೀಳನ್ನು ಗುರುತಿಸಲು ಅದು ಮೂರು ಲಕ್ಷಣ ಹೇಳುತ್ತದೆ: ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಂಡರೂ ನಿಲ್ಲಿಸಲಾಗದಿರುವುದು. ಇವು ಸಾಮಾನ್ಯವಾಗಿ ಒಂದು ವರ್ಷ ಕಾಲ ಕಾಣಬೇಕು. ಪರೀಕ್ಷೆ ಮುಗಿದ ಬಳಿಕ ನಾಲ್ಕು ದಿನ ಆಡಿದ ಮಗುವಿಗೆ ರೋಗಿಯೆಂಬ ಹಣೆಪಟ್ಟಿ ಹಚ್ಚಬಾರದು. ನಿಜವಾಗಿ ತೊಂದರೆಯಿದ್ದರೆ ನಾಚಿಕೆ ಬೇಡ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದಕ್ಕೆಂದೇ 2014ರಲ್ಲಿ ‘ಷಟ್’ ಎಂಬ ಚಿಕಿತ್ಸಾಲಯವನ್ನು ಆರಂಭಿಸಿತು.

ಮನೆಯಲ್ಲಿ ಏನು ಮಾಡಬಹುದು?

1. ಆಟದ ನಡುವೆ ಪ್ಲಗ್ ಕೀಳಬೇಡಿರಿ. ಗಂಟೆಗಟ್ಟಲೆ ಹುಡುಕಿ ತಂದದ್ದು ಉಳಿಸುವ ಮೊದಲೇ ಮಾಯವಾದರೆ ಮಗುವಿಗೆ ಅನ್ಯಾಯವೆನಿಸುತ್ತದೆ. “ಈಗ ಯಾವ ಕೆಲಸ ಹಿಡಿದಿರುವೆ? ಮುಗಿಯಲು ಎಷ್ಟು ಹೊತ್ತು ಬೇಕು?” ಎಂದು ಕೇಳಿರಿ. ಆ ಕೆಲಸ ಮುಗಿದ ಕೂಡಲೇ ನಿಲ್ಲಿಸುವ ಒಪ್ಪಂದವಾಗಲಿ.

2. ಹೊಸ ಕೆಲಸ ಹಿಡಿಯುವ ಮೊದಲು ಮಗು ಮುಖ್ಯ ಗುರಿಯನ್ನು ಒಂದು ವಾಕ್ಯದಲ್ಲಿ ಹೇಳಲಿ. ಹೇಳಲು ತಡವರಿಸಿದರೆ ವಿಶ್ರಾಂತಿಯ ಸಮಯ ಬಂದಿದೆಯೆಂದು ತಿಳಿಯಿರಿ.

3. ಚೀಲವನ್ನು ಆಗಾಗ ಬರಿದು ಮಾಡುವುದನ್ನು ಕಲಿಸಿರಿ. ಬಳಸದ ಸಾಮಾನು ಗಳಿಕೆಯಲ್ಲ, ಹೊರೆ.

4. ಹಣ ಕೇಳುವ ಪೆಟ್ಟಿಗೆಗೆ ಮನೆಯ ಫೋನಿನಲ್ಲಿ ಬೀಗವಿರಲಿ.

ಕೂಡಿ ಚರ್ಚಿಸಿರಿ

ಊಟವಾದ ಮೇಲೆ ಮನೆಮಂದಿಯೆಲ್ಲ ಕುಳಿತು ಈ ಪ್ರಶ್ನೆಗಳನ್ನು ಎತ್ತಿಕೊಳ್ಳಬಹುದು: ಈ ವಾರ ಆಟದಲ್ಲಿ ಯಾರಿಗೆ ಸಹಾಯ ಮಾಡಿದೆ, ಏಕೆ? ಅದರಿಂದ ನಿನಗೆ ಸಿಕ್ಕಿದ್ದು ಸಾಮಾನೊಂದೇ ಏನು? ನಮ್ಮ ಮನೆಯ ಮೂಲಕಥೆ ಯಾವುದು? ಅದನ್ನು ನುಂಗುತ್ತಿರುವ ಉಪಕಥೆ ಯಾವುದು? ಕೊನೆಯ ಪ್ರಶ್ನೆಗೆ ಮೊದಲು ದೊಡ್ಡವರೇ ಉತ್ತರ ಕೊಡಲಿ. ಟಿ.ವಿ., ವಾಟ್ಸಾಪು, ಹೊಲದ ವ್ಯಾಜ್ಯ, ಚೀಟಿ ವ್ಯವಹಾರ ಎಂದು ನಮ್ಮ ಸುತ್ತುದಾರಿಗಳೂ ಕಡಿಮೆಯೇನಲ್ಲ. ದೊಡ್ಡವರು ಪ್ರಾಮಾಣಿಕವಾಗಿ ಹೇಳಿದರೆ ಮಕ್ಕಳೂ ಹೇಳುತ್ತಾರೆ.