ಕಲಬುರಗಿಯ ಬಿಸಿಲು, ಕರಾವಳಿಯ ಬೆವರು

ಬೇಸಿಗೆಯಲ್ಲಿ ಮನೆ ತಂಪಾಗಿಡುವುದು ಹೇಗೆ ಎಂದು ಯಾರಾದರೂ ಕೇಳಿದರೆ, ನಿಮ್ಮ ಊರು ಯಾವುದು ಎಂದು ನಾನು ಮೊದಲು ಕೇಳುತ್ತೇನೆ. ಮಂಗಳೂರಿನ ಹತ್ತಿರ ಹುಟ್ಟಿ ಬೆಳೆದು, ಮದುವೆಯಾಗಿ ಕಲಬುರಗಿಗೆ ಬಂದು, ಇಲ್ಲಿಯೇ ಇಬ್ಬರು ಮಕ್ಕಳನ್ನು ಬೆಳೆಸಿದವಳು ನಾನು. ಮೇ ತಿಂಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗುವುದರಿಂದ ಎರಡೂ ಬಗೆಯ ಬೇಸಿಗೆ ಮೈಗೆ ಗೊತ್ತು. ಕಲಬುರಗಿಯಲ್ಲಿ 42 ಡಿಗ್ರಿ ದಾಟಿದರೂ ಬೇವಿನ ಮರದ ಕೆಳಗೆ ನಿಂತರೆ ಹೋದ ಜೀವ ಬಂದಂತಾಗುತ್ತದೆ. ಮಂಗಳೂರಿನಲ್ಲಿ 35 ಇದ್ದರೂ ನೆರಳಿನಲ್ಲಿ ಕೂತವರ ಬೆನ್ನ ಮೇಲೆ ಬೆವರು ಇಳಿಯುತ್ತಲೇ ಇರುತ್ತದೆ. ಹವಾಮಾನ ಇಲಾಖೆಯೂ ಎರಡನ್ನೂ ಒಂದೇ ಅಳತೆಯಿಂದ ಅಳೆಯುವುದಿಲ್ಲ. ಬಯಲುಸೀಮೆಯಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದ್ದರೆ ಅದು ಬಿಸಿಗಾಳಿ ಎನಿಸಿಕೊಳ್ಳುತ್ತದೆ. ಕರಾವಳಿಗೆ 37 ಸಾಕು.

ಕಾರಣ ಸರಳ. ಬೆವರು ಹರಿದ ಮಾತ್ರಕ್ಕೆ ಮೈ ತಂಪಾಗುವುದಿಲ್ಲ, ಹರಿದ ಬೆವರು ಆರಬೇಕು. ನೀರು ಆವಿಯಾಗುವಾಗ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ. ಕಲಬುರಗಿಯ ಒಣಗಾಳಿಗೆ ಎಷ್ಟು ನೀರು ಕೊಟ್ಟರೂ ಹೀರಿಕೊಳ್ಳುವ ಶಕ್ತಿ ಇದೆ. ಕಡಲ ಕರೆಯ ಗಾಳಿ ಮೊದಲೇ ನೀರು ತುಂಬಿಕೊಂಡು ಬರುತ್ತದೆ, ನಮ್ಮ ಬೆವರಿಗೆ ಅಲ್ಲಿ ಜಾಗವಿಲ್ಲ. ಹಾಗಾಗಿ ಒಗೆದ ಸೀರೆ ಕಣ್ಣೆದುರೇ ಗರಿಗರಿಯಾಗುವ ಊರಿನಲ್ಲಿ ನೀರನ್ನು ಆರಿಸಿ ತಂಪು ಮಾಡುವ ಉಪಾಯಗಳೆಲ್ಲ ಫಲ ಕೊಡುತ್ತವೆ. ಬಟ್ಟೆ ಸಂಜೆಯಾದರೂ ತೇವ ಬಿಡದ ಊರಿನಲ್ಲಿ ಗಾಳಿ ಆಡಿಸುವುದು, ನೆರಳು ಮಾಡುವುದು, ಮತ್ತೆ ಮತ್ತೆ ಸ್ನಾನ ಮಾಡುವುದು, ಇಷ್ಟೇ ದಾರಿ.

ಇದನ್ನು ಕೂಲರ್‌ನಷ್ಟು ಚೆನ್ನಾಗಿ ಕಲಿಸುವ ಯಂತ್ರ ಬೇರೊಂದಿಲ್ಲ. ಕಲಬುರಗಿಯ ಓಣಿಗಳಲ್ಲಿ ನಡೆದರೆ ಕಿಟಕಿಗೆ ಹೊರಗಿನಿಂದ ಆನಿಸಿಟ್ಟ ತಗಡಿನ ಪೆಟ್ಟಿಗೆಗಳು ಸಾಲಾಗಿ ಕಾಣುತ್ತವೆ. ಮೂರು ಬದಿಗೆ ಹುಲ್ಲು, ತಳದಲ್ಲಿ ನೀರು, ಆ ನೀರನ್ನು ಮೇಲಕ್ಕೆತ್ತಿ ಹುಲ್ಲಿನ ಮೇಲೆ ಹನಿಸುವ ಸಣ್ಣ ಮೋಟರು, ಒದ್ದೆ ಹುಲ್ಲಿನ ಮೂಲಕ ಹೊರಗಾಳಿಯನ್ನು ಒಳಗೆಳೆಯುವ ಫ್ಯಾನು. ನಮ್ಮ ಬೋರ್‌ವೆಲ್ ನೀರು ಗಡಸು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಹುಲ್ಲಿನ ಎಳೆಎಳೆಗೂ ಬಿಳಿ ಉಪ್ಪು ಕಟ್ಟಿ, ಮುರಿದರೆ ಚಟ್ ಎನ್ನುವಷ್ಟು ಬಿರುಸಾಗುತ್ತದೆ. ಅದರೊಳಗೆ ಗಾಳಿ ನುಗ್ಗಲಾರದು. ಯುಗಾದಿಯ ಹೊತ್ತಿಗೆ ಹೊಸ ಹುಲ್ಲು ಹಾಕಿಸುತ್ತೇವೆ. ಲಾವಂಚದ ಬೇರು ಹಾಕಿಸಿದ ವರ್ಷ ಮೊದಲ ನೀರು ಬಿದ್ದಾಗ ಮನೆಯೆಲ್ಲ ಮಳೆ ಬಿದ್ದ ಮಣ್ಣಿನ ವಾಸನೆ.

ಕೂಲರ್ ನಡೆಯುವಾಗ ಎದುರಿನ ಕಿಟಕಿ ತೆರೆದಿರಲೇಬೇಕು. ಬಾಗಿಲು, ಕಿಟಕಿ ಬಿಗಿದು ಕೂತರೆ ಒಳಗಿನ ಗಾಳಿ ಬೇಗನೆ ತೇವ ತುಂಬಿಕೊಂಡು ಕಲಬುರಗಿಯ ಕೋಣೆಯೊಳಗೇ ಮಂಗಳೂರು ಬಂದು ಕೂರುತ್ತದೆ. ತವರಿನಲ್ಲಿ ಕೂಲರ್ ಕೊಳ್ಳುವ ಮಾತು ಬಂದಾಗಲೆಲ್ಲ ನಾನು ಬೇಡವೇ ಬೇಡ ಎಂದಿದ್ದೇನೆ, ಈಗಲೂ ಹಾಗೇ ಹೇಳುತ್ತೇನೆ. ಆ ದುಡ್ಡಿಗೆ ಒಳ್ಳೆಯ ಫ್ಯಾನು ತಂದು, ಪಡಸಾಲೆಯ ಕಿಟಕಿಗಳನ್ನು ಎದುರುಬದುರು ತೆರೆದಿಟ್ಟರೆ ಮಧ್ಯಾಹ್ನದ ಮೇಲೆ ಬೀಸುವ ಕಡಲ ಗಾಳಿ ಉಳಿದದ್ದನ್ನು ನೋಡಿಕೊಳ್ಳುತ್ತದೆ.

ಚಿಕ್ಕ ಮಕ್ಕಳಿರುವ ಮನೆಯವರು ಕೂಲರ್ ವಿಷಯದಲ್ಲಿ ಎರಡು ಮಾತು ನೆನಪಿಡಬೇಕು. ತಗಡಿನ ಪೆಟ್ಟಿಗೆ, ನೀರು, ಕರೆಂಟು ಮೂರೂ ಒಂದೆಡೆ ಇರುವ ವಸ್ತು ಅದು. ಅರ್ಥಿಂಗ್ ಸರಿಯಿದೆಯೇ ಎಂದು ಬೇಸಿಗೆಗೆ ಮುಂಚೆಯೇ ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ತುಂಬಿ, ಮಕ್ಕಳ ಕೈಯಲ್ಲಿ ಆ ಕೆಲಸ ಮಾಡಿಸಬೇಡಿ. ಇನ್ನೊಂದು, ನಿಂತ ಶುದ್ಧ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುತ್ತದೆ. ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ತಿಕ್ಕಿ, ಒಣಗಿಸಿ ತುಂಬಬೇಕು. ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಆ ಕೆಲಸ. ತೆಗೆದ ನೀರು ದಾಸವಾಳಕ್ಕೆ. ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಊರಿನಲ್ಲಿ ತಂಪಿನ ಹೆಸರಿನಲ್ಲಿ ನೀರು ಚೆಲ್ಲುವುದು ನನಗೆ ಸಹಿಸದು.

ಮನೆಯನ್ನು ಬಿಸಿ ಮಾಡುವುದು ಹೆಚ್ಚಾಗಿ ಚಾವಣಿ. ಅತ್ತೆಯವರ ತವರು ಸೇಡಂ ಕಡೆಯ ಹಳ್ಳಿ. ಅಲ್ಲಿಯದು ಕಲ್ಲುಗೋಡೆಯ, ಮೇಲೆ ಮಣ್ಣು ಹಾಕಿದ ಮಾಳಿಗೆ ಮನೆ. ದಪ್ಪ ಮಣ್ಣನ್ನು ದಾಟಿ ಹಗಲಿನ ಕಾವು ಒಳಗಿಳಿಯುವ ಹೊತ್ತಿಗೆ ರಾತ್ರಿಯಾಗಿರುತ್ತದೆ, ಆಗ ಜನ ಮಾಳಿಗೆಯ ಮೇಲೆ ಮಲಗಿರುತ್ತಾರೆ. ನಮ್ಮ ಆರ್‌ಸಿಸಿ ಮನೆಯ ಚಾವಣಿಯೋ, ಮೇ ತಿಂಗಳ ಸಂಜೆ ಕಾದ ಹಂಚಿನಂತಿರುತ್ತದೆ. ಮೊದಮೊದಲು ಸಂಜೆ ಹೊತ್ತು ಮೇಲೆ ನೀರು ಹೊಡೆಯುತ್ತಿದ್ದೆವು. “ಮಾಳಗಿ ಮ್ಯಾಲ ನೀರ ಹೊಡದೀರೇನವಾ?” ಎಂದು ಅತ್ತೆ ಕೆಳಗಿನಿಂದಲೇ ಕೂಗುತ್ತಿದ್ದರು. ಈಗ ಅದರ ಅಗತ್ಯ ಕಡಿಮೆಯಾಗಿದೆ. ಮಾರ್ಚ್ ಕೊನೆಗೆ ಚಾವಣಿಯನ್ನು ಗುಡಿಸಿ ತೊಳೆದು, ಸುಣ್ಣಕ್ಕೆ ಅಂಟು ಬೆರೆಸಿ ಎರಡು ಕೈ ಬಳಿಸುತ್ತೇವೆ. ಬಿಳಿ ಚಾವಣಿ ಬಿಸಿಲನ್ನು ಹೀರುವ ಬದಲು ಹಿಂದಕ್ಕೆ ಕಳಿಸುತ್ತದೆ. ಖರ್ಚು ಅಲ್ಪ, ಮಕ್ಕಳಿಗೂ ಬ್ರಷ್ ಹಿಡಿದು ಓಡಾಡುವ ಹಬ್ಬ. ಸುಣ್ಣ ಕಣ್ಣಿಗೆ ಸಿಡಿಯದಂತೆ ನೋಡಿಕೊಂಡರಾಯಿತು. ಪಕ್ಕದ ತೆಲಂಗಾಣ 2023ರಲ್ಲಿ ಇದಕ್ಕೆಂದೇ ತಂಪು ಚಾವಣಿ ನೀತಿ ತಂದಿದೆ. ತಗಡಿನ ಮನೆಗಳಲ್ಲಿ ಬೇಯುವ ಕುಟುಂಬಗಳು ಎಷ್ಟೋ ಇರುವ ಕಲ್ಯಾಣ ಕರ್ನಾಟಕಕ್ಕೂ ಅಂಥದ್ದು ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪಡುವಣ ಕಿಟಕಿಗೆ ಒಳಗಿನ ಪರದೆಗಿಂತ ಹೊರಗಿನ ತಟ್ಟಿ ಮೇಲು. ಬಿಸಿಲು ಗಾಜು ದಾಟಿತೆಂದರೆ ಶಾಖ ಮನೆಯೊಳಗೆ ಬಂದಂತೆಯೇ. ಬಿದಿರಿನ ತಟ್ಟಿಯೋ ಗೋಣಿತಟ್ಟೋ ಹೊರಗೆ ಇಳಿಬಿಟ್ಟು ಒದ್ದೆ ಮಾಡಿದರೆ ಒಣಸೀಮೆಯಲ್ಲಿ ಅದೇ ಬಡವರ ಕೂಲರ್. ಬೆಳಿಗ್ಗೆ ಬಿಸಿಲೇರುತ್ತಿದ್ದಂತೆ ಕಿಟಕಿ ಮುಚ್ಚಿ, ರಾತ್ರಿ ತೆರೆಯುವುದು ಇಲ್ಲಿಯ ಪದ್ಧತಿ. ಗಾಳಿ ಒಣದಾಗಿ ಆಕಾಶ ತಿಳಿಯಾಗಿರುವುದರಿಂದ ಇಲ್ಲಿ ನೆಲದ ಕಾವು ರಾತ್ರಿ ಬೇಗ ಇಳಿಯುತ್ತದೆ. ಹೊರಗೆ 40 ಡಿಗ್ರಿ ದಾಟಿದ ಹೊತ್ತಿನಲ್ಲಿ ಬರೀ ಫ್ಯಾನು ನಂಬಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮೈಗಿಂತ ಬಿಸಿಯಾದ ಗಾಳಿಯನ್ನು ಮೈಮೇಲೆ ಬೀಸಿದರೆ ಮೈ ಇನ್ನಷ್ಟು ಕಾಯುತ್ತದೆ. ಆಗ ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡು ಕೂಲರ್ ಎದುರು ಕೂರುವುದು ಕ್ಷೇಮ.

ಅಡುಗೆಮನೆಯ ಬುದ್ಧಿಯನ್ನು ನಾನು ಪೂರ್ತಿ ಅತ್ತೆಯವರಿಂದ ಕಲಿತೆ. ಬೇಸಿಗೆಗೆ ಮುಂಚೆಯೇ ಅವರು ಜೋಳದ ಖಡಕ್ ರೊಟ್ಟಿ ಬಡಿದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಬುಟ್ಟಿಯಲ್ಲಿ ಪೇರಿಸಿಡುತ್ತಾರೆ. ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಸವತೆಕಾಯಿ ಜೊತೆಗಿದ್ದರೆ ಮಧ್ಯಾಹ್ನದ ಊಟಕ್ಕೆ ಒಲೆ ಹಚ್ಚುವ ಮಾತೇ ಇಲ್ಲ. ಜೋಳದ ನುಚ್ಚು ಬೆಳಿಗ್ಗೆಯೇ ಬೇಯಿಸಿಟ್ಟು, ತಣಿದ ಮೇಲೆ ಮಜ್ಜಿಗೆ ಕಲಸಿದರೆ ಮಕ್ಕಳು ಎರಡು ಬಟ್ಟಲು ಉಣ್ಣುತ್ತವೆ. ಖಡಕ್ ರೊಟ್ಟಿ ಕೆಡದೆ ಉಳಿಯುತ್ತದೆ ಎಂದಷ್ಟೇ ಎಲ್ಲರೂ ಹೊಗಳುತ್ತಾರೆ. ಬೇಗೆಯ ದಿನಗಳಲ್ಲಿ ಮನೆಯ ಹೆಂಗಸರನ್ನು ಒಲೆಯ ಮುಂದಿನಿಂದ ಎಬ್ಬಿಸುವುದೇ ಅದರ ದೊಡ್ಡ ಗುಣ ಎಂದು ನನಗೆ ಅನಿಸಿದೆ.

ಕುಡಿಯುವ ನೀರಿಗೆ ಯುಗಾದಿಗೆ ಹೊಸ ಗಡಿಗೆ ಬರುತ್ತದೆ. ಅಂದು ಬೇವಿನ ಹೂವು, ಬೆಲ್ಲ, ಹುಣಸೆಹಣ್ಣು, ಮಾವಿನಕಾಯಿ, ಪುಟಾಣಿ ಹಾಕಿ ಮಾಡಿದ ಬೇವನ್ನು ಇಲ್ಲಿ ಲೋಟಗಟ್ಟಲೆ ಕುಡಿಯುತ್ತಾರೆ. ಬೇವು-ಬೆಲ್ಲದ ಚಿಟಿಕೆ ತಿಂದು ಬೆಳೆದ ನನಗೆ ಅದು ಮೊದಲ ವರ್ಷವೇ ಹಿಡಿಸಿತು. ಗಡಿಗೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮೂಲೆಯಲ್ಲಿ ಮರಳು ಹಾಸಿ, ಅದರ ಮೇಲೆ ಕೂರಿಸುತ್ತೇವೆ. ಮೈಯೆಲ್ಲ ಸಣ್ಣಗೆ ಬೆವರಿ ಮರಳು ಒದ್ದೆಯಾಗಿರುತ್ತದೆ. ಮಗಳು ಅಲ್ಲಿ ಮೆಂತ್ಯ ಚೆಲ್ಲಿ ಸೊಪ್ಪು ಬೆಳೆಸುತ್ತಾಳೆ. ಗಡಿಗೆಯ ಹೊರಮೈಗೆ ಬಣ್ಣ ಬಳಿಯಬೇಡಿ. ಮಣ್ಣಿನ ಸಣ್ಣ ರಂಧ್ರಗಳು ಮುಚ್ಚಿದರೆ ನೀರು ಜಿನುಗದು, ತಂಪೂ ಇಲ್ಲ. ತವರಿನಲ್ಲಿ ಅದೇ ಗಡಿಗೆ ಇಷ್ಟು ಕೆಲಸ ಮಾಡುವುದಿಲ್ಲ. ಅಲ್ಲಿ ಬೊಂಡ ಎನ್ನುವ ಎಳನೀರು, ಪುನರ್ಪುಳಿ ಶರಬತ್ತು, ಒಂದೆಲಗದ ತಂಬುಳಿ, ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ. ಬೆವರಿನ ಜೊತೆ ಹೋದ ಉಪ್ಪನ್ನು ಗಂಜಿಯೂ ಮಜ್ಜಿಗೆಯೂ ಮರಳಿ ಕೊಡುತ್ತವೆ. ಬಣ್ಣದ ಬಾಟಲಿ ಪಾನೀಯಗಳಲ್ಲಿ ಸಿಗುವುದು ಹೆಚ್ಚಾಗಿ ಸಕ್ಕರೆ.

“ನೀರಡಿಕಿ ಆಗೋತನ ಕಾಯಬ್ಯಾಡ್ರಿ” ಎನ್ನುತ್ತಾರೆ ಅತ್ತೆ. ವಯಸ್ಸಾದವರಿಗೆ ನೀರಡಿಕೆ ಗೊತ್ತಾಗುವುದೇ ಕಡಿಮೆ, ಆಟದಲ್ಲಿ ಮುಳುಗಿದ ಮಕ್ಕಳಿಗೆ ಅದರ ನೆನಪಿರದು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಮಟ್ಟಸವಾಗಿ ಅಳೆದು ಹಾಕಿದರೆ ಮನೆಯ ಓಆರ್‌ಎಸ್ ಸಿದ್ಧ. ಉಪ್ಪು ಹೆಚ್ಚಾಗಬಾರದು. ಆರು ತಿಂಗಳೊಳಗಿನ ಕೂಸಿಗೆ ಬೇಸಿಗೆಯಲ್ಲೂ ತಾಯಿ ಹಾಲೇ ಸಾಕು, ನೀರು ಬೇಡ. ಹೆಚ್ಚು ಸಲ ಹಾಲೂಡಿಸಿ, ತಾಯಿಗೆ ಹೆಚ್ಚು ನೀರು ಕೊಡಿ.

ಮಕ್ಕಳ ರಜೆಯ ಮಧ್ಯಾಹ್ನಗಳು ಮೊದಲು ನನಗೆ ದೊಡ್ಡ ಚಿಂತೆಯಾಗಿದ್ದವು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ 1.30ರವರೆಗೆ ನಡೆಯುವ ರೂಢಿ ಇದೆ. ಮನೆಯ ವೇಳಾಪಟ್ಟಿಯನ್ನೂ ಅದಕ್ಕೆ ಹೊಂದಿಸಿದೆವು. ಸಂತೆ, ಸೈಕಲ್, ಓಟ ಎಲ್ಲ 9ರೊಳಗೆ. ಮಧ್ಯಾಹ್ನ ಶಹಾಬಾದ್ ಕಲ್ಲಿನ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅದರ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಹೊಟ್ಟೆ ಅಡಿಯಾಗಿ ಮಲಗಿಕೊಂಡೇ ಆಟ. ಬೂದುಬಣ್ಣದ ಆ ಕಲ್ಲು ಮೈಯ ಕಾವನ್ನು ಸರಸರನೆ ಎಳೆದುಕೊಳ್ಳುತ್ತದೆ. ಕವಡೆ ಉರುಳಿದ ಸದ್ದಿಗೆ ಅತ್ತೆಯೂ ಕಾಲು ಚಾಚಿ ಕೂರುತ್ತಾರೆ, ಮೊಮ್ಮಕ್ಕಳಿಗೆ ಒಂದು ಗಟ್ಟವನ್ನೂ ಬಿಟ್ಟುಕೊಡುವುದಿಲ್ಲ. ಕರೆಂಟು ಹೋದರೂ ಆಟ ನಿಲ್ಲದು. ಬಿಸಿಲಿಳಿದ ಮೇಲೆ ಅಪ್ಪನ ಕೆರೆಯ ದಂಡೆ. ತವರಿಗೆ ಹೋದಾಗ ತಣ್ಣೀರುಬಾವಿಯ ಕಡಲತೀರ. ಅಲ್ಲಿ ಮೊಣಕಾಲುದ್ದಕ್ಕಿಂತ ಮುಂದೆ ಬಿಡುವುದಿಲ್ಲ. ಬಾವಿ, ಕೆರೆ, ಕಾಲುವೆಗೆ ಈಜು ಬಲ್ಲ ದೊಡ್ಡವರಿಲ್ಲದೆ ಮಕ್ಕಳನ್ನು ಕಳಿಸಬಾರದು. ಮಕ್ಕಳು ಮುಳುಗಿದರೆಂದು ಪ್ರತಿ ಬೇಸಿಗೆಯಲ್ಲೂ ಬರುವ ಸುದ್ದಿಗಳನ್ನು ಓದಿ ಎದೆ ಒಡೆಯುತ್ತದೆ.

ಒಂದು ಬೇಸಿಗೆ ಮಾವನವರು ಹೊಲದಿಂದ ಮಧ್ಯಾಹ್ನ ಮರಳಿದವರು ಪಡಸಾಲೆಯಲ್ಲಿ ಕೂತು ನನ್ನ ಹೆಸರಿಗೆ ಬದಲು ಎಂದೋ ತೀರಿಕೊಂಡ ಅವರ ತಂಗಿಯ ಹೆಸರು ಹಿಡಿದು ಕರೆದರು. ಮಾತು ತೊದಲುತ್ತಿತ್ತು. ಮುಟ್ಟಿದರೆ ಮೈ ಸುಡುತ್ತಿತ್ತು, ಬೆವರು ಒಂದು ಹನಿ ಇಲ್ಲ. ನಮ್ಮವರು 108ಕ್ಕೆ ಫೋನು ಮಾಡುತ್ತಿದ್ದಂತೆ ನಾವು ಅಂಗಿ ಬಿಚ್ಚಿ, ಗಡಿಗೆಯ ನೀರನ್ನೇ ತಲೆ, ಎದೆ, ಕಂಕುಳು, ತೊಡೆಸಂದಿಗೆ ಸುರಿದು, ಒದ್ದೆ ಧೋತರ ಹೊದಿಸಿ ಬೀಸಣಿಗೆಯಿಂದ ಬೀಸಿದೆವು. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದೆಂದು ಮಗ ಶಾಲೆಯಲ್ಲಿ ಕಲಿತಿದ್ದ, ಹಾಕಲು ಬಿಡಲಿಲ್ಲ. ಅವರು ಉಳಿದರು. ಆಂಬ್ಯುಲೆನ್ಸ್ ಬರುವವರೆಗೆ ಕಾಯದೆ ತಣ್ಣಗೆ ಮಾಡಿದ್ದೇ ಕಾಪಾಡಿತು ಎಂದು ವೈದ್ಯರು ಹೇಳಿದರು. ಬಿಸಿಲಿಗೆ ಹೋಗುವಾಗ ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಳ್ಳುವ ಪದ್ಧತಿ ಇಲ್ಲಿದೆ. ಇಟ್ಟುಕೊಳ್ಳಲಿ, ತೊಂದರೆಯಿಲ್ಲ. ಆದರೆ ಜೊತೆಗೆ ನೀರಿನ ಬಾಟಲಿಯೂ ತಲೆಗೆ ರುಮಾಲೂ ಇರಬೇಕು. ಮಾತು ತಪ್ಪಿದರೆ, ನಡಿಗೆ ತೂಗಾಡಿದರೆ ಅದು ಬರಿಯ ಆಯಾಸವಲ್ಲ.

ಅಂದಿನಿಂದ ನಮ್ಮ ಗೇಟಿನ ಪಕ್ಕ, ಬೇವಿನ ಮರದಡಿ, ಮಕ್ಕಳು ಬೇಸಿಗೆಯಿಡೀ ಅರವಟ್ಟಿಗೆ ನಡೆಸುತ್ತಾರೆ. ಎರಡು ಗಡಿಗೆ, ಮುಚ್ಚಳ, ಉದ್ದ ಹಿಡಿಯ ಸವಟು, ತೊಳೆದಿಟ್ಟ ಲೋಟಗಳು. ತರಕಾರಿ ಗಾಡಿಯವರು, ಪಾರ್ಸೆಲ್ ತರುವ ಹುಡುಗರು, ರಸ್ತೆ ಕೆಲಸದ ಹೆಣ್ಣುಮಕ್ಕಳು ನಿಂತು ಕುಡಿದು ಹೋಗುತ್ತಾರೆ. ಅವರಿಗೆ ಮುಚ್ಚಿಕೊಳ್ಳಲು ಕಿಟಕಿಯೂ ಇಲ್ಲ, ಹಚ್ಚಲು ಕೂಲರೂ ಇಲ್ಲ. ಈ ಬೇಸಿಗೆ ನಿಮ್ಮ ಮನೆಯ ಮುಂದೆಯೂ ಒಂದು ಗಡಿಗೆ ಇಡಿ, ದಿನವೂ ನೀರು ಬದಲಿಸಿ. ಓಣಿಯಲ್ಲಿ ಒಬ್ಬರೇ ಇರುವ ಹಿರಿಯರಿದ್ದರೆ ಮಧ್ಯಾಹ್ನ ಒಮ್ಮೆ ಮಕ್ಕಳನ್ನು ಕಳಿಸಿ, ನೀರು ಕುಡಿದಿರಾ ಎಂದು ಕೇಳಿಸಿ.